ಕಲ್ಲು ಹತ್ತುವ ಸೈಕಲ್: ದುಡ್ಡು ಮೊದಲು ಎಲ್ಲಿಗೆ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ವೇದಿಕೆ ಮೇಲಿರುವ ಹಿರಿಯರಿಗೆ, ಮುಂದೆ ಕೂತಿರುವ ಅಮ್ಮಂದಿರಿಗೆ, ಅಕ್ಕಂದಿರಿಗೆ, ಜಾಗ ಸಾಲದೆ ಕಾಂಪೌಂಡ್ ಮೇಲೆ ಹತ್ತಿ ಕೂತಿರುವ ನನ್ನ ತಮ್ಮಂದಿರಿಗೆ, ಎಲ್ಲರಿಗೂ ಜೈ ಭೀಮ್.

ಸಂಘದ ಅಣ್ಣಂದಿರು "ನಿನಗೆ ಚೆನ್ನಾಗಿ ಗೊತ್ತಿರೋದನ್ನೇ ಮಾತಾಡು" ಅಂದರು. ನಾನು ಬಿ.ಎ. ಓದ್ತಾ ಇದ್ದೀನಿ, ಸಂಜೆ ಹೊತ್ತು ಹೊಸೂರಿನ ಒಂದು ಸೈಕಲ್ ಅಂಗಡಿಯಲ್ಲಿ ಸ್ಪ್ಯಾನರ್ ಹಿಡೀತೀನಿ. ಆದ್ದರಿಂದ ಇವತ್ತು ಸೈಕಲ್ ಬಗ್ಗೆಯೇ ಮಾತು. ಅದೂ ಒಂದೇ ತರದ ಸೈಕಲ್. ನಮ್ಮ ಹುಡುಗರು ಫೋನಲ್ಲಿ ನೋಡಿ ಬಾಯಿ ಬಿಟ್ಟುಕೊಂಡು ಕೂರ್ತಾರಲ್ಲ, ಸೀಟೇ ಇಲ್ಲದ ಸೈಕಲ್ಲು, ಕಲ್ಲಿಂದ ಕಲ್ಲಿಗೆ ನೆಗೆಯುತ್ತೆ, ಅದು. ಅದಕ್ಕೆ ಟ್ರಯಲ್ಸ್ ಸೈಕಲ್ ಅಂತಾರೆ.

ಮೊದಲು ಆಟ ಏನು ಅಂತ ಹೇಳಿಬಿಡ್ತೀನಿ. ಇದು ಓಟದ ಆಟ ಅಲ್ಲ. ಬಂಡೆ, ಮರದ ದಿಮ್ಮಿ, ಗೋಡೆ ಇವುಗಳ ಮೇಲೆ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ಹತ್ತಿಸಿ ದಾಟಿಸಬೇಕು. ಕಾಲು ಊರಿದರೆ ದಂಡ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮೊಂಟೆಸಾ ಮೋಟಾರ್‌ಸೈಕಲ್ ಓಡಿಸುತ್ತಿದ್ದ ಪೆರೆ ಪಿ ಅನ್ನುವವರು ತಮ್ಮ ಮಗ ಓಟ್ ಪಿಗೆ ಮೋಟಾರ್‌ಸೈಕಲ್ಲಿನ ಈ ವಿದ್ಯೆಯನ್ನು ಸೈಕಲ್ಲಿನ ಮೇಲೆ ಕಲಿಸಿದರು. ಆ ಹುಡುಗ ಮುಂದೆ ವಿಶ್ವ ಚಾಂಪಿಯನ್ ಆದ. 1986ರಿಂದ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. 2009ರಲ್ಲಿ ಸ್ಕಾಟ್ಲೆಂಡಿನ ಡ್ಯಾನಿ ಮೆಕ್‌ಆಸ್ಕಿಲ್ ಎಡಿನ್‌ಬರೋ ಬೀದಿಗಳಲ್ಲಿ ಸವಾರಿ ಮಾಡಿದ ವಿಡಿಯೋ ಲೋಕವೆಲ್ಲ ನೋಡಿತು. ಆತ ಆಗ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್. ಇದನ್ನ ನಾನು ಬೇಕಂತಲೇ ಹೇಳ್ತಾ ಇದ್ದೀನಿ. ಆ ಆಟಕ್ಕೆ ಬೇಕಾದ ಮೊದಲ ವಿದ್ಯೆ ಸೈಕಲ್ ಬಿಚ್ಚಿ ಜೋಡಿಸೋದು. ಅದು ನಮ್ಮ ಕೇರಿಯಲ್ಲಿ ಇದೆ. ಐಟಿಐ ಮಾಡಿದವರಿದ್ದಾರೆ, ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡೋರಿದ್ದಾರೆ, ಪಂಕ್ಚರ್ ಅಂಗಡಿ ಇಟ್ಟವರಿದ್ದಾರೆ. ಇನ್ನು ಬಂಡೆಗೆ ನಮ್ಮ ಕೃಷ್ಣಗಿರಿ ಸೀಮೆಯಲ್ಲಿ ಬರವೇ?

ಈಗ ಅಮ್ಮಂದಿರು ಕೇಳಬಹುದು, "ಬಿದ್ದು ಕೈಕಾಲು ಮುರ್ಕೊಳ್ಳೋ ಆಟ ನಮಗ್ಯಾಕಪ್ಪಾ?" ನ್ಯಾಯವಾದ ಮಾತು. ಆದರೆ ಈಗ ಏನಾಗ್ತಾ ಇದೆ ನೋಡಿ. ಹುಡುಗರು ಕಂತಿನ ಮೇಲೆ ಬೈಕ್ ತಗೊಂಡು ಹೆದ್ದಾರಿಯಲ್ಲಿ ಮುಂದಿನ ಚಕ್ರ ಎತ್ತುತ್ತಾರೆ, ಪಕ್ಕದಲ್ಲಿ ಲಾರಿ ಹೋಗ್ತಾ ಇರುತ್ತೆ. ಅದರ ಮುಂದೆ ಇದು ನಡೆಯುವ ವೇಗದ ಆಟ. ರಸ್ತೆ ಬೇಡ, ಪೆಟ್ರೋಲ್ ಬೇಡ. ಆದರೂ ಅಪಾಯ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ನಮ್ಮಂಥ ಮನೆಗಳಲ್ಲಿ ಒಬ್ಬನ ಕೈ ಮುರಿದರೆ ಮುರಿಯೋದು ಬರೀ ಕೈ ಅಲ್ಲ, ಎರಡು ತಿಂಗಳ ಪಗಾರ. ಅದಕ್ಕೇ ಪಾರ್ಟು ಆರಿಸುವಾಗ ಬಣ್ಣ ನೋಡಬೇಡಿ, ಹೆಸರು ನೋಡಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಪಾರ್ಟು ಕೈ ಕೊಟ್ಟರೆ ನನಗೆ ಏನಾಗುತ್ತೆ? ಕೈ ಕೊಟ್ಟರೆ ಮೈಗೆ ಏಟು ಬೀಳುವಂಥದ್ದಕ್ಕೆ ಮೊದಲ ದುಡ್ಡು. ಆಟ ನಿಲ್ಲುವಂಥದ್ದಕ್ಕೆ ಆಮೇಲಿನ ದುಡ್ಡು. ನೋಡೋಕೆ ಚಂದ ಅನ್ನುವಂಥದ್ದಕ್ಕೆ ಕೊನೆಯ ದುಡ್ಡು, ಉಳಿದಿದ್ದರೆ.

ಈ ಲೆಕ್ಕದಲ್ಲಿ ಮೊದಲು ಬರೋದು ಚೈನು ಮತ್ತು ಫ್ರೀವೀಲು. ಹಿಂದಿನ ಚಕ್ರದ ಮೇಲೆ ನಿಂತು ಎದುರಿನ ಬಂಡೆಗೆ ನೆಗೆಯುವಾಗ ಇಡೀ ಮೈಭಾರ ಒಂದೇ ಪೆಡಲಿನ ಮೇಲೆ ಬೀಳುತ್ತೆ. ಆ ಕ್ಷಣ ಚೈನ್ ತುಂಡಾದರೆ ಕಾಲು ಸೀದಾ ಕೆಳಗೆ, ಎದೆ ಹ್ಯಾಂಡಲ್ ಮೇಲೆ, ಮುಖ ಬಂಡೆ ಮೇಲೆ. ಆದ್ದರಿಂದ ಗೇರ್ ಸೈಕಲ್ಲಿನ ಸಣ್ಣ ಚೈನ್ ಇದಕ್ಕೆ ಬೇಡ. ಒಂದೇ ಗೇರಿನ ಅಗಲ ಚೈನ್, ಒಳ್ಳೆಯ ಕಂಪನಿಯದು, ಹೊಸದೇ ಆಗಬೇಕು. ಹಳೇ ಚೈನಿಗೆ ಕೊಂಡಿ ಸೇರಿಸಿ ಉದ್ದ ಮಾಡೋ ಬುದ್ಧಿ ಇಲ್ಲಿ ಬೇಡ.

ಫ್ರೀವೀಲಿನ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳಿ. ಪೆಡಲ್ ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತಲ್ಲ, ಒಂದು ಸುತ್ತಿಗೆ ಅದು ಎಷ್ಟು ಕಡೆ ಕಚ್ಚುತ್ತದೆ ಅನ್ನೋದು ಮುಖ್ಯ. 18 ಕಡೆ ಕಚ್ಚುವ ಫ್ರೀವೀಲಾದರೆ ಒಂದು ಕಚ್ಚಿನಿಂದ ಇನ್ನೊಂದಕ್ಕೆ 20 ಡಿಗ್ರಿ. 170 ಮಿ.ಮೀ. ಉದ್ದದ ಕ್ರ್ಯಾಂಕಿನಲ್ಲಿ ಅದು ಹತ್ತಿರ ಹತ್ತಿರ 6 ಸೆಂ.ಮೀ. ಅಷ್ಟು ದೂರ ಕಾಲು ಖಾಲಿ ಇಳಿದು ಆಮೇಲೆ ಚಕ್ರ ಎಳೆಯುತ್ತೆ. ಅಷ್ಟರಲ್ಲಿ ನೆಗೆತ ಹೋಯ್ತು. ಟ್ರಯಲ್ಸ್‌ಗೆ ಅಂತಲೇ ಮಾಡಿದ 72 ಕಚ್ಚಿನ ಫ್ರೀವೀಲಿನಲ್ಲಿ ಇದು 5 ಡಿಗ್ರಿ, ಅಂದರೆ ಒಂದೂವರೆ ಸೆಂ.ಮೀ. ಮಾತ್ರ. 108 ಕಚ್ಚಿನದೂ ಸಿಗುತ್ತೆ. ಆದರೆ ಅಗ್ಗದ ಫ್ರೀವೀಲು ಮಧ್ಯದಲ್ಲಿ ಜಾರುವುದಾದರೆ ಕಚ್ಚು ಎಷ್ಟಿದ್ದರೇನು? ಇದನ್ನ ಸೆಕೆಂಡ್ ಹ್ಯಾಂಡ್ ತಗೋಬೇಡಿ.

ಸ್ಪರ್ಧೆಯ ಸೈಕಲ್ಲಿನಲ್ಲಿ ಈ ಫ್ರೀವೀಲು ಹಿಂದಿನ ಚಕ್ರದಲ್ಲಿ ಇರಲ್ಲ, ಮುಂದೆ ಕ್ರ್ಯಾಂಕಿನ ಮೇಲೆ ಇರುತ್ತೆ. ಪೆಡಲ್ ನಿಂತರೂ ಚಕ್ರ ತಿರುಗ್ತಾ ಇರುವಷ್ಟು ಹೊತ್ತು ಚೈನ್ ಓಡ್ತಾನೇ ಇರುತ್ತೆ. ಬೆರಳು, ಲುಂಗಿ, ದುಪಟ್ಟಾ ಯಾವುದೂ ಅದರ ಹತ್ತಿರ ಹೋಗಬಾರದು. ಸೈಕಲ್ ನೋಡೋಕೆ ಬರುವ ಚಿಕ್ಕ ಮಕ್ಕಳಿಗೂ ಇದನ್ನ ಹೇಳಿ. ಹಲ್ಲಿನ ಲೆಕ್ಕ ಹೀಗೆ: ನಮ್ಮ ಅಪ್ಪಂದಿರ ದೊಡ್ಡ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಒಂದು ಸುತ್ತು ತುಳಿದರೆ 5 ಮೀಟರಿಗೂ ಹೆಚ್ಚು ಹೋಗುತ್ತೆ. ಟ್ರಯಲ್ಸ್‌ನಲ್ಲಿ 20 ಇಂಚಿನದಕ್ಕೆ ಮುಂದೆ 18, ಹಿಂದೆ 12. 26 ಇಂಚಿನದಕ್ಕೆ ಮುಂದೆ 18, ಹಿಂದೆ 15. ಒಂದು ಸುತ್ತಿಗೆ ಎರಡೂವರೆ ಮೀಟರಿನ ಆಸುಪಾಸು. ದೂರ ಹೋಗಲ್ಲ, ಆದರೆ ತುಳಿದ ತಕ್ಷಣ ಚಿಮ್ಮುತ್ತೆ.

ಎರಡನೆಯದು ಬ್ರೇಕು. ಇಲ್ಲಿ ಬ್ರೇಕಿನ ಕೆಲಸ ನಿಧಾನ ಮಾಡೋದಲ್ಲ, ಚಕ್ರವನ್ನ ಕಲ್ಲಿನ ಮೇಲೆ ಬೀಗ ಹಾಕಿದ ಹಾಗೆ ನಿಲ್ಲಿಸೋದು. ಒಂದೇ ಬೆರಳಿನಲ್ಲಿ ಹಿಡಿದರೂ ಚಕ್ರ ಮುಂದಕ್ಕೂ ಹಿಂದಕ್ಕೂ ಒಂದು ಎಳ್ಳಷ್ಟೂ ಸರಿಯಬಾರದು. ಜರ್ಮನಿಯ ಮಗುರಾ ಕಂಪನಿಯ ಎಚ್.ಎಸ್. 33 ಅನ್ನುವ ಎಣ್ಣೆ ಒತ್ತಡದ ರಿಮ್ ಬ್ರೇಕು ಈ ಆಟದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಡಿಸ್ಕ್ ಬ್ರೇಕನ್ನೂ ಬಳಸ್ತಾರೆ. ರಿಮ್ ಬ್ರೇಕಿನವರು ಗ್ರೈಂಡರ್‌ನಿಂದ ರಿಮ್ಮಿನ ಪಕ್ಕವನ್ನ ಲಘುವಾಗಿ ಒರಟು ಮಾಡ್ತಾರೆ, ಪ್ಯಾಡು ಕಚ್ಚಲಿ ಅಂತ. ಪದೇ ಪದೇ ಹಾಗೆ ಮಾಡಿದರೆ ರಿಮ್ ತೆಳ್ಳಗಾಗಿ ಒಂದು ದಿನ ಸೀಳುತ್ತೆ ಅನ್ನೋದು ನೆನಪಿರಲಿ. ಬ್ರೇಕ್ ಕೊಳ್ಳುವ ಮುಂಚೆ ಫ್ರೇಮ್ ನೋಡಿ. ಮಗುರಾಗೆ ನಾಲ್ಕು ಬೋಲ್ಟಿನ ಜಾಗವೋ, ವಿ-ಬ್ರೇಕಿನ ಗೂಟವೋ, ಡಿಸ್ಕಿನ ಕಿವಿಯೋ ಅಂತ. ಒಂದಕ್ಕೆ ಮಾಡಿದ ಜಾಗದಲ್ಲಿ ಇನ್ನೊಂದು ಕೂರಲ್ಲ.

ಮೂರನೆಯದು ಫ್ರೇಮು. ಎಲ್ಲರೂ ಮೊದಲು ಫ್ರೇಮ್ ಕೊಂಡು ಮಿಕ್ಕಿದ್ದಕ್ಕೆ ದುಡ್ಡಿಲ್ಲದೆ ಗೋಡೆಗೆ ನೇತು ಹಾಕ್ತಾರೆ. ಹಾಗಾಗಬಾರದು ಅಂತಲೇ ಇದನ್ನ ಮೂರನೆಯದಾಗಿ ಹೇಳ್ತಾ ಇದ್ದೀನಿ. ಫ್ರೇಮಿನಲ್ಲಿ ನೋಡಬೇಕಾದ್ದು ಮೂರು ಅಳತೆ. ಒಂದು, ಪೆಡಲಿನ ಅಚ್ಚು ಎಷ್ಟು ಎತ್ತರದಲ್ಲಿದೆ. ಮಾಮೂಲಿ ಸೈಕಲ್ಲಿನಲ್ಲಿ ಅದು ಚಕ್ರಗಳ ಅಚ್ಚಿಗಿಂತ ಕೆಳಗೆ, ಸ್ಪರ್ಧೆಯ ಟ್ರಯಲ್ಸ್ ಫ್ರೇಮಿನಲ್ಲಿ ಮೇಲೆ. ಮೇಲಿದ್ದರೆ ಹಿಂದಿನ ಚಕ್ರದ ಮೇಲೆ ನಿಲ್ಲೋದು ಸುಲಭ. ಎರಡು, ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರ. 20 ಇಂಚಿನದರಲ್ಲಿ ಸುಮಾರು 35 ಸೆಂ.ಮೀ., 26ರಲ್ಲಿ ಸುಮಾರು 38. ಇದು ಗಿಡ್ಡ ಇದ್ದಷ್ಟೂ ಮುಂದಿನ ಚಕ್ರ ಬೇಗ ಏಳುತ್ತೆ. ಮೂರು, ಹಿಂದಿನ ಹಬ್ ಕೂರುವ ಅಗಲ. 20ಕ್ಕೆ ಸಾಮಾನ್ಯವಾಗಿ 116 ಮಿ.ಮೀ., 26ಕ್ಕೆ 135. ಇದನ್ನ ಅಳೆಯದೆ ಚಕ್ರ ತರಿಸಿದರೆ ಕೊರಿಯರ್ ದುಡ್ಡೂ ದಂಡ. ಗಿಡ್ಡಗಿರುವವರಿಗೆ, ಹೊಸದಾಗಿ ಕಲಿಯುವ ತಮ್ಮ ತಂಗಿಯರಿಗೆ 20 ಇಂಚು ಸರಿ. ಎತ್ತರದವರಿಗೆ 26. ಬೀದಿಯಲ್ಲಿ ಆಡುವವರಿಗೆ ಸೀಟೂ ಇರುವ 24 ಇಂಚಿನದು ಇದೆ, ಮೆಕ್‌ಆಸ್ಕಿಲ್ ಓಡಿಸಿದ್ದು ಆ ಜಾತಿಯದು.

ಒಳ್ಳೆಯ ಸ್ಪರ್ಧೆಯ ಸೈಕಲ್ ಹೊರದೇಶದಿಂದ ತರಿಸಿದರೆ ಲಕ್ಷ ರೂಪಾಯಿ ದಾಟುತ್ತೆ. ಹಾಗಾಗಿ ನಮ್ಮವರ ಕಣ್ಣು ಹಳೇ ಫ್ರೇಮಿನ ಮೇಲೆ ಬೀಳೋದು ಸಹಜ. ಕೊಳ್ಳಿ, ಆದರೆ ಹಗಲು ಹೊತ್ತಿನಲ್ಲಿ ನೋಡಿ ಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಹ್ಯಾಂಡಲ್ ಕೊಳವೆಗೆ ಕೆಳಗಿನ ಪೈಪ್ ಸೇರುವ ಜಾಗ, ಪೆಡಲ್ ಅಚ್ಚಿನ ಸುತ್ತ, ಹಿಂದಿನ ಚಕ್ರ ಕೂರುವ ತುದಿ, ಬ್ರೇಕಿನ ಜಾಗ, ಇವಿಷ್ಟನ್ನ ಉಗುರು ಆಡಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟು ಬನ್ನಿ. ಹೊಸದಾಗಿ ಪೇಂಟ್ ಹೊಡೆದಿದ್ದರೆ ಯಾಕೆ ಹೊಡೆದರು ಅಂತ ಕೇಳಿ.

ಇಲ್ಲಿ ವೆಲ್ಡಿಂಗ್ ಅಣ್ಣಂದಿರಿಗೆ ಒಂದು ಮಾತು. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮ್ ತಂದು "ಒಂದು ಟಾಕಿ ಹಾಕಿ ಕೊಡಣ್ಣ" ಅಂತ ಯಾರಾದರೂ ಕೇಳಿದರೆ ದಯವಿಟ್ಟು ಹಾಕಬೇಡಿ. 6061 ಅನ್ನುವ ಅಲ್ಯೂಮಿನಿಯಂಗೆ ಗಟ್ಟಿತನ ಬಂದಿರೋದು ಫ್ಯಾಕ್ಟರಿಯಲ್ಲಿ ಅದನ್ನ ಕಾಯಿಸಿ ಹದ ಮಾಡಿದ್ದರಿಂದ. ವೆಲ್ಡಿಂಗಿನ ಬಿಸಿಗೆ ಆ ಹದ ಹೋಗುತ್ತೆ, ಟಾಕಿಯ ಅಕ್ಕಪಕ್ಕ ಮೆತ್ತಗಾಗುತ್ತೆ. ಮತ್ತೆ ಹದ ಮಾಡದಿದ್ದರೆ ಟಾಕಿ ನಿಂತರೂ ಅದರ ಪಕ್ಕ ಮುರಿಯುತ್ತೆ. ಸ್ಟೀಲ್ ಫ್ರೇಮಿನ ಗುಣ ಬೇರೆ. ತೂಕ ಜಾಸ್ತಿ, ಆದರೆ ಗೊತ್ತಿದ್ದವರ ಕೈಯಲ್ಲಿ ರಿಪೇರಿ ಆಗುತ್ತೆ, ಮುರಿಯುವ ಮುಂಚೆ ಬಾಗಿ ಸೂಚನೆ ಕೊಡೋದೇ ಹೆಚ್ಚು. ಕಲಿಯುವ ಕಾಲಕ್ಕೆ ನಮಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಿಕ್ಕಿದ್ದು ಚಿಕ್ಕ ಮಾತು. ಹಿಂದಿನ ಟೈರು ದಪ್ಪ, ಗಾಳಿ ಕಡಿಮೆ, ಬಂಡೆಗೆ ಅಂಟಿಕೊಳ್ಳಲಿ ಅಂತ. ಸ್ಪ್ರಿಂಗ್ ಫೋರ್ಕು ಬೇಡ, ನೆಗೆಯುವ ಬಲವನ್ನೆಲ್ಲ ಅದೇ ನುಂಗಿಬಿಡುತ್ತೆ. ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ಎರಡೂ ಕಡೆ ಸ್ಪ್ರಿಂಗಿನ ಸೈಕಲ್ ಈ ಆಟಕ್ಕೆ ದಂಡ. ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಪೆಡಲ್ ಮುಳ್ಳು ಮೊಣಕಾಲ ಕೆಳಗಿನ ಮೂಳೆಗೆ ಹೊಡೆಯುತ್ತೆ, ಫುಟ್‌ಬಾಲಿನವರ ಪ್ಯಾಡು ಸಾಕು.

"ಇದ್ಯಾವುದೂ ಇಲ್ಲ, ಈಗ ಏನ್ ಮಾಡೋದು?" ಅಂತ ಕಾಂಪೌಂಡಿನವರು ಕೇಳ್ತಾರೆ. ಹನ್ನೊಂದನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಇದೆಯಲ್ಲ, ಅದರ ಮೇಲೆ ನಿಂತ ಜಾಗದಲ್ಲೇ ಕಾಲು ಊರದೆ ನಿಲ್ಲೋದನ್ನ ಕಲಿಯಿರಿ. ಒಂದು ನಿಮಿಷ, ಎರಡು ನಿಮಿಷ. ಟ್ರಯಲ್ಸ್‌ನ ಅಡಿಪಾಯವೇ ಅದು. ಆದರೆ ಅದರಲ್ಲಿ ನೆಗೆಯಬೇಡಿ. ಅದರ ಫೋರ್ಕು ಅದಕ್ಕೆ ಮಾಡಿದ್ದಲ್ಲ, ನಾಳೆ ಸ್ಕೂಲಿಗೆ ಹೋಗೋಕೂ ಅದೇ ಬೇಕು. ಕಲ್ಲುಕ್ವಾರಿ ಅಂಚಿಗೆ ಹೋಗಬೇಡಿ. ನಮ್ಮ ಸೀಮೆಯ ವೀರಗಲ್ಲುಗಳ ಮೇಲೆ ಚಕ್ರ ಇಡಬೇಡಿ.

ಕೊನೆಗೆ ಸಂಘಕ್ಕೆ ಒಂದು ಬೇಡಿಕೆ. ಒಬ್ಬೊಬ್ಬರೂ ಸಾಲ ಮಾಡಿ ಒಂದೊಂದು ಅರೆಬರೆ ಸೈಕಲ್ ಮಾಡಿಕೊಳ್ಳೋದು ಬೇಡ. ಎಲ್ಲರೂ ಸೇರಿ 20 ಇಂಚಿನ ಒಂದೇ ಸೈಕಲ್, ಒಳ್ಳೆಯ ಚೈನು, ಒಳ್ಳೆಯ ಫ್ರೀವೀಲು, ಒಳ್ಳೆಯ ಬ್ರೇಕು ಹಾಕಿ ಕಟ್ಟೋಣ. ಜೊತೆಗೆ ಎರಡು ಹೆಲ್ಮೆಟ್, ಒಂದು ನೋಟ್ ಪುಸ್ತಕ. ಸೈಕಲ್ ಹತ್ತುವ ಮುಂಚೆ ಚೈನು, ಬ್ರೇಕು, ಬೋಲ್ಟು, ಬಿರುಕು ನಾಲ್ಕನ್ನೂ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಹುಡುಗಿಯರಿಗೆ ವಾರದಲ್ಲಿ ಅವರದೇ ದಿನಗಳು ಇರಬೇಕು. ಕಟ್ಟುವ ಕೆಲಸಕ್ಕೆ ನಾನು ಬರ್ತೀನಿ, ಕೂಲಿ ಬೇಡ. ಪಾರ್ಟಿನ ಪಟ್ಟಿ ಬರೆದು ಕಾರ್ಯದರ್ಶಿ ಅಣ್ಣನ ಕೈಗೆ ಕೊಟ್ಟಿದ್ದೀನಿ. ಫ್ರೇಮಿನ ಬಣ್ಣ ಯಾವುದು ಅನ್ನೋ ಜಗಳವನ್ನ ಮಾತ್ರ ನೀವೇ ಇತ್ಯರ್ಥ ಮಾಡಿಕೊಳ್ಳಿ.

 ಜೈ ಭೀಮ್.