ಶಿಶುವಿದ್ಯೆಗೆ ಮುಂದಾಳು ಯಾರು?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಸಾಲದ ಮಾತು ಕೇಳಲು ಬಂದ ನಿಮ್ಮ ಮುಂದೆ ಇಂದು ಮೂರು ವರ್ಷದ ಮಗುವಿನ ಮಾತನ್ನು ಎತ್ತುತ್ತಿದ್ದೇನೆ. ಬೇಸರಪಡಬಾರದು. ರಾಗಿಯ ಒಟ್ಲನ್ನು ನೀವು ಎಷ್ಟು ಜತನದಿಂದ ಕಾಯುತ್ತೀರೆಂಬುದನ್ನು ನಾನು ಬಲ್ಲೆ. ಒಟ್ಲಿನಲ್ಲಿ ಬಡವಾದ ಪೈರು ಹೊಲಕ್ಕೆ ಹೋದ ಮೇಲೆ ಚೇತರಿಸಿಕೊಳ್ಳುವುದು ಕಷ್ಟ. ಒಂದನೆಯ ತರಗತಿಗೆ ಸೇರುವ ಮುಂಚಿನ ಮೂರು ವರ್ಷಗಳು ಮಗುವಿಗೆ ಅಂತಹ ಕಾಲ. ಮಾತು, ಬೆರಳಿನ ಹಿಡಿತ, ನಾಲ್ವರೊಡನೆ ಕೂಡಿ ಆಡುವ ಅಭ್ಯಾಸ, ಇವೆಲ್ಲ ಆಗಲೇ ಕುದುರಬೇಕು.

ಈ ಕೆಲಸಕ್ಕೆ ಮುಂದಾಳು ಯಾರು? ಸರ್ಕಾರ ಎಂದು ನೀವು ಹೇಳಬಹುದು. ಆದರೆ ಸರ್ಕಾರ ಕೈಹಾಕುವುದಕ್ಕೆ ಎಷ್ಟೋ ವರ್ಷ ಮುಂಚೆ ಇದು ಒಬ್ಬಿಬ್ಬರ ಹಟದಿಂದ ಆರಂಭವಾಯಿತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬುವರು ವಕೀಲಿಯನ್ನು ಬಿಟ್ಟು 1920ರಲ್ಲಿ ಚಿಕ್ಕ ಮಕ್ಕಳಿಗಾಗಿ ಬಾಲಮಂದಿರ ತೆರೆದರು. ಅಲ್ಲಿ ಬೆತ್ತವಿರಲಿಲ್ಲ, ಕಥೆ, ಹಾಡು, ಆಟಗಳೇ ಪಾಠ. ಅವರೊಡನೆ ದುಡಿದ ತಾರಾಬಾಯಿ ಮೋಡಕರಿಗೆ, ಪಟ್ಟಣದ ಈ ವಿದ್ಯೆ ಹಳ್ಳಿಯ ಬಡವರ ಮಕ್ಕಳಿಗೂ ಸಿಕ್ಕಬೇಕೆಂಬ ಚಿಂತೆ ಹತ್ತಿತು. 1945ರಲ್ಲಿ ಅವರು ಈಗಿನ ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲಸಿದರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಆ ಮೇಲೆ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅವರ ಜೊತೆಗೂಡಿದರು.

ಬೋರ್ಡಿಯಲ್ಲಿ ನಡೆದುದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಬಾಲವಾಡಿ ತೆರೆದರೆ ದಲಿತರ ಕೇರಿಯ ಮಕ್ಕಳು ಅದರ ಕಡೆ ಬರಲೇ ಇಲ್ಲ. ಕಾದು ಕುಳಿತರೆ ಆಗುವುದಿಲ್ಲವೆಂದು ಕಂಡು ಅವರೇ ಕೇರಿಗೆ ನಡೆದರು. ಅಲ್ಲಿಯ ಮನೆಯಂಗಳದಲ್ಲೇ ಮಕ್ಕಳನ್ನು ಕೂಡಿಸಿದರು. ಮೈ ತೊಳೆಸಿ, ತಲೆ ಬಾಚಿ, ಕಥೆ ಹೇಳಿ, ಹಾಡು ಹಾಡಿಸಿದರು. ದುಬಾರಿ ಸಾಮಾನು ತರಿಸಲಿಲ್ಲ; ಬೀಜ, ಎಲೆ, ಕಪ್ಪೆಚಿಪ್ಪು, ಬೆಣಚುಕಲ್ಲುಗಳಿಂದಲೇ ಎಣಿಕೆ ಕಲಿಸಿದರು. ಅಂಗಳದಲ್ಲಿ ನಡೆದುದರಿಂದ ಅದು ಅಂಗನವಾಡಿ ಎನಿಸಿತು. ಮುಂದೆ ಸಮೀಪದ ಕೋಸಬಾಡ ಗುಡ್ಡದ ವಾರ್ಲಿ ಆದಿವಾಸಿಗಳ ನಡುವೆ, ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ದನ ಬಿಟ್ಟು ಬಾ ಎನ್ನಲಿಲ್ಲ, ದನವಿದ್ದಲ್ಲಿಗೇ ತಾವು ಹೋದರು. ನನ್ನ ಕಣ್ಣಿಗೆ ಮುಂದಾಳುತನವೆಂದರೆ ಇದೇ. ವೇದಿಕೆ, ಹಾರ, ತುರಾಯಿ ಅಲ್ಲ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಆರಂಭವಾಯಿತು. ಮೈಸೂರು ಜಿಲ್ಲೆಯ ಟಿ. ನರಸೀಪುರ ಅವುಗಳಲ್ಲೊಂದು. ಆಗ ಊರೂರಿನಲ್ಲಿ ತೆರೆದ ಕೇಂದ್ರಗಳಿಗೆ ಅಂಗನವಾಡಿ ಎಂದೇ ಹೆಸರಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ನಾವು ಮಾತ್ರ ಆಹಾರವೊಂದನ್ನೇ ಹಿಡಿದುಕೊಂಡೆವು. ಮೊಟ್ಟೆ ಕಡಿಮೆಯಾದರೆ ಊರಿಗೆ ಊರೇ ಕೇಳುತ್ತದೆ. ಮಗು ಇವತ್ತು ಯಾವ ಹಾಡು ಕಲಿಯಿತೆಂದು ಕೇಳುವವರು ಯಾರು?

ಪರರನ್ನು ದೂರುವುದೇಕೆ? ನಾನೂ ಬಹಳ ಕಾಲ ಅಂಗನವಾಡಿಗೆ ಹೋದರೆ ದಾಸ್ತಾನು ಪುಸ್ತಕ ನೋಡಿ ಸಹಿ ಹಾಕಿ ಬರುತ್ತಿದ್ದೆ. ಒಮ್ಮೆ ಒಂದು ಊರಿನಲ್ಲಿ ಟೀಚರಮ್ಮ ನನ್ನನ್ನು ತಡೆದು, "ಸ್ವಾಮೀ, ಐದು ನಿಮಿಷ ಕೂತು ಮಕ್ಕಳ ಮಾತು ಕೇಳಿ ಹೋಗಿ" ಎಂದರು. ಕುಳಿತೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಹುಣಸೆ ಬೀಜಗಳನ್ನು ಐದೈದಾಗಿ ಗುಂಪು ಮಾಡಿ, ತಮ್ಮನಿಗೆ ಒಂದು ಗುಂಪು ಹೆಚ್ಚಾಗಿ ಕೊಟ್ಟು, "ಅವನು ಚಿಕ್ಕೋನು" ಎಂದು ನ್ಯಾಯ ಹೇಳಿದಳು. ಊರಿನ ಕೊನೆಯ ಮನೆಗಳಿಂದ ನಾಲ್ಕು ಮಕ್ಕಳು ಬರುತ್ತಿಲ್ಲ, ನಡುವೆ ಹಳ್ಳವಿದೆ, ತಾಯಂದಿರು ಕೂಲಿಗೆ ಹೊತ್ತಿಗೆ ಮುಂಚೆ ಹೋಗುತ್ತಾರೆ ಎಂದು ಆಕೆ ಆಗ ಹೇಳಿದರು. ಆ ವಿಷಯ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ನಿಮ್ಮ ಊರಿನ ಟೀಚರಮ್ಮನೂ ಹಾಗೆಯೇ. ಯಾವ ಮಗು ಸಪ್ಪಗಿದೆ, ಯಾವುದು ಮಾತಾಡದು, ಯಾರ ಮನೆಯಲ್ಲಿ ಕುಡಿತವಿದೆ ಎಂಬುದು ಆಕೆಗೆ ತಿಳಿದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ವಯಸ್ಸಿನಿಂದಲೇ ಕಲಿಕೆಯ ಬುನಾದಿಯೆಂದು ಒಪ್ಪಿದೆ. ಕಾಗದದಲ್ಲಿ ಒಪ್ಪಿದರೆ ಆಯಿತೆ? ಸಭೆಯಲ್ಲಿ ಆಕೆಯನ್ನು ಬಾಗಿಲ ಬಳಿ ನಿಲ್ಲಿಸಿ ಲೆಕ್ಕ ಕೇಳುವವರು, ಕುರ್ಚಿ ಕೊಟ್ಟು ಸಲಹೆ ಕೇಳಿದ್ದುಂಟೆ? ಹೆಂಗಸು, ಅದೂ ನಮ್ಮೂರ ಸೊಸೆ, ನಮಗೇನು ಹೇಳಿಯಾಳು ಎಂಬ ಬಿಗುಮಾನ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಅಂಗನವಾಡಿಗೆ ಬಾಲವಿಕಾಸ ಸಮಿತಿ ಎಂಬುದೊಂದಿದೆ. ಅದರ ಸಭೆಗೆ ತಾಯಂದಿರನ್ನಷ್ಟೇ ಕಳುಹಿಸಿ ಗಂಡಸರು ಜಗಲಿಯಲ್ಲಿ ಉಳಿಯಬೇಡಿ. ಮುಂದಿನ ಸಭೆಯಲ್ಲಿ ಬಾರದ ಮಕ್ಕಳ ಹೆಸರನ್ನು ಮೊದಲು ಕೇಳಿ. ಹಳ್ಳ ದಾಟಿಸುವವರು ಯಾರೆಂದು ಅಲ್ಲೇ ಗೊತ್ತುಮಾಡಿ; ಹೊಲಕ್ಕೆ ಆ ದಾರಿಯಲ್ಲೇ ಹೋಗುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಬರುವಾಗ ಬರಿಗೈಯಲ್ಲಿ ಬರಬೇಡಿ, ತೊಳೆದು ಒಣಗಿಸಿದ ಒಂದು ಸೇರು ಹುಣಸೆ ಬೀಜ ತನ್ನಿ. ತೀರಾ ಸಣ್ಣ ಮಕ್ಕಳ ಕೈಗೆ ಕೊಡಬೇಡಿ, ಬಾಯಿಗೆ ಹಾಕಿಕೊಳ್ಳುತ್ತವೆ. ಟೀಚರಮ್ಮನ ಕೈಗೇ ಕೊಡಿ.