‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೇಳುವವರು ಬೇಕು

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಹಾಯಾರ್ಥ ಸಭೆಯಲ್ಲಿ ನಿಧಿ ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಪಾಠ)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಲೆಕ್ಕಪತ್ರ ಓದುತ್ತಿದ್ದೆ. ಡಯಾಲಿಸಿಸ್‌ಗೆ ಎಷ್ಟು, ಹೃದಯದ ಶಸ್ತ್ರಚಿಕಿತ್ಸೆಗೆ ಎಷ್ಟು, ಕ್ಯಾನ್ಸರ್ ಔಷಧಿಗೆ ಎಷ್ಟು. ಈ ಸಲ ಆ ಕೆಲಸವನ್ನು ಕೋಶಾಧಿಕಾರಿಗಳಿಗೆ ಬಿಟ್ಟು, ಬೇರೊಂದು ವಿಷಯಕ್ಕೆ ಹದಿನೈದು ನಿಮಿಷ ಕೇಳಿಕೊಂಡಿದ್ದೇನೆ. ಮೊದಲು ಒಂದು ತಪ್ಪೊಪ್ಪಿಗೆ.

2018ರಲ್ಲಿ ನಮ್ಮ ಕಚೇರಿಗೆ ಒಂದು ಅರ್ಜಿ ಬಂದಿತ್ತು. ಉಪನಗರದ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದ, ಕುಂದಾಪುರ ಕಡೆಯ ಹುಡುಗ. ಅವನ ಸೋದರಮಾವ ಅರ್ಜಿ ತಂದಿದ್ದರು. ನಮ್ಮ ನಮೂನೆಯಲ್ಲಿ ಕಾಯಿಲೆಯ ಹೆಸರು, ಆಪರೇಷನ್ ವಿವರ, ಆಸ್ಪತ್ರೆಯ ಅಂದಾಜು ವೆಚ್ಚ ಎಂಬ ಕಲಮುಗಳಿವೆ. ಹುಡುಗ ಮೊದಲನೆಯದರಲ್ಲಿ ‘ನಿದ್ದೆ ಬರುವುದಿಲ್ಲ, ಮನಸ್ಸು ಸರಿಯಿಲ್ಲ’ ಎಂದು ಬರೆದಿದ್ದ. ಉಳಿದವು ಖಾಲಿ. ಬಿಲ್ಲಿಲ್ಲ, ಅಂದಾಜಿಲ್ಲ, ಹೀಗಾಗಿ ಇದು ನಿಧಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಷರಾ ಬರೆದು ಸಹಿ ಹಾಕಿದವನು ನಾನೇ. ತಿಂಗಳ ನಂತರ ಕೇಳಿದಾಗ, ಅವನು ಕೆಲಸ ಬಿಟ್ಟು ಊರಿಗೆ ಹೋದ ಎಂದು ತಿಳಿಯಿತು. ಆಮೇಲೆ ನಾನೂ ಕೇಳಲಿಲ್ಲ.

ಅದೇ ವರ್ಷ, 2018ರ ಮೇ ತಿಂಗಳಲ್ಲಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದಿತ್ತು. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಎಂದು ಆ ಕಾಯ್ದೆ ಹೇಳುತ್ತದೆ. ದೇಶದ ಕಾನೂನು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿತ್ತು. ನಮ್ಮ ನಮೂನೆಯಲ್ಲಿ ಮಾತ್ರ ಜಾಗವಿರಲಿಲ್ಲ.

ಮೂರು ವರ್ಷದ ಮೇಲೆ ಆ ಸರದಿ ನನ್ನದಾಯಿತು. 2021ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಬ್ಯಾಂಕಿನಿಂದ ನಿವೃತ್ತನಾಗಿದ್ದೆ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬನೇ, ಮಗಳು ಪುಣೆಯಲ್ಲಿ. ಬೆಳಿಗ್ಗೆ ಏಳುವುದೇ ಬೇಡವೆನಿಸತೊಡಗಿತು. ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಮಧ್ಯಾಹ್ನದವರೆಗೆ ಬಿದ್ದಿರುತ್ತಿತ್ತು. ಇದನ್ನು ದುಃಖ ಎಂದುಕೊಂಡೆ. ಆರು ತಿಂಗಳಾದರೂ ಹೋಗದೆ ಇದ್ದಾಗ ಮಗಳು ಬಂದು ವೈದ್ಯರ ಬಳಿ ಕರೆದುಕೊಂಡು ಹೋದಳು. ಅವರು ‘ಖಿನ್ನತೆ’ ಎಂದರು, ಮಾತ್ರೆ ಕೊಟ್ಟರು. ಆಪ್ತಸಮಾಲೋಚನೆಗೆ ವಾರಕ್ಕೊಮ್ಮೆ ಬರಲು ಹೇಳಿದರು. ಆ ದಿನಗಳಲ್ಲಿ ಲೋಕಲ್ ಟ್ರೈನ್ ಹತ್ತುವ ಶಕ್ತಿಯಾಗಲಿ ಮನಸ್ಸಾಗಲಿ ನನಗಿರಲಿಲ್ಲ. ‘ಹಾಗಾದರೆ ಕಂಪ್ಯೂಟರಿನಲ್ಲಿ ಮಾಡಿ ನೋಡಿ’ ಎಂದರು ವೈದ್ಯರು.

ಕಂಪ್ಯೂಟರಿನಲ್ಲಿ ಮನಸ್ಸಿಗೆ ಚಿಕಿತ್ಸೆಯೇ ಎಂದು ನಿಮಗೆ ಈಗ ಅನ್ನಿಸುತ್ತಿರುವಂತೆಯೇ ನನಗೂ ಅನ್ನಿಸಿತ್ತು. ಅದು ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ.

ಅದು ಪಾಠಗಳ ರೂಪದಲ್ಲಿರುತ್ತದೆ. ಮಗಳು ಹಾಕಿಕೊಟ್ಟದ್ದರಲ್ಲಿ ಐದು ಪಾಠಗಳಿದ್ದವು. ಮುಖ್ಯ ಕೆಲಸ ಎರಡು. ಒಂದು, ಮನಸ್ಸಿಗೆ ಬಂದ ಯೋಚನೆಯನ್ನು ಬರೆದು ಪರೀಕ್ಷಿಸುವುದು. ಬ್ಯಾಂಕಿನವನಿಗೆ ಇದು ಲೆಡ್ಜರಿನ ಹಾಗೆಯೇ ಕಂಡಿತು. ಮೊದಲ ಕಲಮಿನಲ್ಲಿ ನಡೆದದ್ದು: ಮಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎರಡನೆಯದರಲ್ಲಿ ಬಂದ ಯೋಚನೆ: ನಾನು ಯಾರಿಗೂ ಬೇಡ. ಮೂರನೆಯದರಲ್ಲಿ ಈ ಯೋಚನೆಗೆ ಪುರಾವೆ ಏನು, ವಿರುದ್ಧ ಪುರಾವೆ ಏನು. ಮಂಗಳವಾರ ಹನ್ನೊಂದು ಗಂಟೆ, ಅವಳು ಆಫೀಸಿನಲ್ಲಿರುತ್ತಾಳೆ, ನಿನ್ನೆ ರಾತ್ರಿ ಅವಳೇ ಮಾಡಿದ್ದಳು. ಕೊನೆಯಲ್ಲಿ, ಈಗ ಏನನ್ನಿಸುತ್ತದೆ? ತಾಳೆ ಹಾಕಿ ನೋಡಿದರೆ ‘ಯಾರಿಗೂ ಬೇಡ’ ಎಂಬ ನಮೂದಿಗೆ ರಸೀದಿಯೇ ಇರುವುದಿಲ್ಲ.

ಎರಡನೆಯದು, ಮನಸ್ಸು ಬರಲಿ ಎಂದು ಕಾಯದೆ ಸಣ್ಣ ಕೆಲಸವೊಂದನ್ನು ನಿಗದಿ ಮಾಡಿ ಮಾಡುವುದು. ಏಳು ಗಂಟೆಗೆ ಸ್ಟೇಷನ್‌ವರೆಗೆ ನಡೆದು ಪೇಪರ್ ತರುವುದು, ಅಷ್ಟೇ. ಖಿನ್ನತೆಯಲ್ಲಿ ಉತ್ಸಾಹ ಬಂದ ಮೇಲೆ ಕೆಲಸ ಎಂದರೆ ಅದು ಬರುವುದೇ ಇಲ್ಲ. ಕೆಲಸ ಮೊದಲು, ಉತ್ಸಾಹ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಇದೆಲ್ಲ ವೈದ್ಯರು ಎದುರು ಕುಳಿತು ಮಾಡಿಸುವ ಚಿಕಿತ್ಸೆಯೇ. ಅದನ್ನೇ ಯಂತ್ರಕ್ಕೆ ಹಾಕಿದ್ದಾರೆ. ಆಸ್ಟ್ರೇಲಿಯಾದ ನ್ಯಾಷನಲ್ ಯೂನಿವರ್ಸಿಟಿಯವರು ‘ಮೂಡ್‌ಜಿಮ್’ ಎಂಬುದನ್ನು 2001ರಲ್ಲೇ ತಂದರು. ಇಂಗ್ಲೆಂಡಿನಲ್ಲಿ ಸರಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ಸಂಸ್ಥೆ 2006ರಲ್ಲಿ ಇಂಥದ್ದೊಂದನ್ನು ಖಿನ್ನತೆಗೆ ಬಳಸಬಹುದು ಎಂದಿತು. ಇದರ ಅನುಕೂಲ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಹೋಟೆಲಿನ ಅಟ್ಟದ ಮೇಲೆ ಆರು ಜನ ಮಲಗುವ ಕಡೆ ಒಬ್ಬ ಹುಡುಗ ಫೋನಿನಲ್ಲಿ ಅಳುವಂತಿಲ್ಲ, ಆದರೆ ಸದ್ದಿಲ್ಲದೆ ಬರೆಯಬಹುದು. ರಜೆ ಕೇಳಬೇಕಿಲ್ಲ. ಯಾವ ಬೋರ್ಡಿನ ಕೆಳಗೂ ಕುಳಿತು ಯಾರ ಕಣ್ಣಿಗೂ ಬೀಳಬೇಕಿಲ್ಲ.

ಇಷ್ಟೆಲ್ಲ ಇದ್ದೂ ನಾನು ಎರಡನೆಯ ಪಾಠಕ್ಕೇ ನಿಲ್ಲಿಸಿಬಿಟ್ಟೆ.

ಕಾರಣ ದೊಡ್ಡದೇನಲ್ಲ. ಪಾಠ ಇಂಗ್ಲಿಷಿನಲ್ಲಿತ್ತು. ನನ್ನ ಇಂಗ್ಲಿಷ್ ಬ್ಯಾಂಕಿಗೆ ಸಾಕು, ದುಃಖಕ್ಕೆ ಸಾಲದು. ನಾನು ಏನು ಬರೆದರೂ ಅದು ‘ಶಾಬಾಸ್’ ಎನ್ನುತ್ತಿತ್ತು. ಬರೆಯದೆ ಹತ್ತು ದಿನ ಬಿಟ್ಟರೂ ಅದಕ್ಕೇನೂ ಅನ್ನಿಸುತ್ತಿರಲಿಲ್ಲ. ನಾನು ಬರಲಿಲ್ಲ ಎಂಬುದು ಯಾರಿಗೂ ಗೊತ್ತೇ ಇರಲಿಲ್ಲ.

ಇದು ನನ್ನೊಬ್ಬನ ಸೋಮಾರಿತನವಲ್ಲ ಎಂದು ಆಮೇಲೆ ಓದಿ ತಿಳಿದೆ. ಇಂಗ್ಲೆಂಡಿನಲ್ಲಿ ಖಿನ್ನತೆಯಿದ್ದ 691 ಜನರ ಮೇಲೆ ದೊಡ್ಡ ಅಧ್ಯಯನವೊಂದು ನಡೆದು 2015ರಲ್ಲಿ ಪ್ರಕಟವಾಯಿತು. ಕೆಲವರಿಗೆ ಕುಟುಂಬ ವೈದ್ಯರ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಅದರ ಜೊತೆ ಕಂಪ್ಯೂಟರ್ ಪಾಠ. ನಾಲ್ಕು ತಿಂಗಳಿಗೆ ನೋಡಿದರೆ ಕಂಪ್ಯೂಟರಿನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬಹಳ ಜನ ಪಾಠ ಮುಗಿಸಿಯೇ ಇರಲಿಲ್ಲ. ಆ ಸಂಶೋಧಕರು ಅಲ್ಲಿಗೇ ಬಿಡಲಿಲ್ಲ. ಮುಂದಿನ ಅಧ್ಯಯನದಲ್ಲಿ ಒಂದು ಗುಂಪಿಗೆ ಪಾಠದ ಜೊತೆ ನಿಯಮಿತವಾಗಿ ಫೋನ್ ಮಾಡಿ ವಿಚಾರಿಸುವವರನ್ನು ಕೊಟ್ಟರು. ನಾಲ್ಕು ತಿಂಗಳಿಗೆ ಆ ಗುಂಪಿನವರು ಹೆಚ್ಚು ಚೇತರಿಸಿಕೊಂಡಿದ್ದರು. ಪಾಠ ಅದೇ. ಸೇರಿಸಿದ್ದು ವಿಚಾರಿಸುವ ಒಂದು ದನಿ.

ನನಗೆ ಆ ದನಿ ಸಿಕ್ಕಿದ್ದು ಈ ಸಂಘದಲ್ಲಿಯೇ. ನಿಮಗೆಲ್ಲ ಗೊತ್ತಿರುವ ಹಿರಿಯರು, ಹೆಸರು ಹೇಳಬೇಡಿ ಎಂದಿದ್ದಾರೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ನಾನು ಸಭೆಗೆ ಬರುತ್ತಿಲ್ಲವೆಂದು ಫೋನ್ ಮಾಡಿ, ವಿಷಯ ತಿಳಿದು, ನನ್ನ ವೈದ್ಯರ ಜೊತೆಯೂ ಮಾತಾಡಿ, ಪ್ರತಿ ಗುರುವಾರ ಸಂಜೆ ಆರಕ್ಕೆ ಹದಿನೈದು ನಿಮಿಷ ಫೋನ್ ಮಾಡತೊಡಗಿದರು. ‘ಏನು ಮಾರಾಯ್ರೆ, ಮೂರನೇ ಪಾಠ ಆಯ್ತಾ?’ ಎನ್ನುವರು. ಆಗದಿದ್ದರೆ ಬೈಯುತ್ತಿರಲಿಲ್ಲ. ‘ಎಲ್ಲಿ ಸಿಕ್ಕಿಕೊಂಡಿತು, ಓದಿ ಹೇಳಿ’ ಎನ್ನುವರು. ನಾನು ಕುಂದಾಪುರದ ಕನ್ನಡದಲ್ಲಿ ಹೇಳುವೆ, ಅದನ್ನೇ ಬರೆಯಿರಿ ಎನ್ನುವರು. ಅಲ್ಲಿಂದ ಮುಂದೆ ನನ್ನ ಲೆಡ್ಜರು ಕನ್ನಡದಲ್ಲೇ ನಡೆಯಿತು. ಐದು ಪಾಠಕ್ಕೆ ಹನ್ನೊಂದು ಗುರುವಾರ ಬೇಕಾಯಿತು. ಮಾತ್ರೆಯನ್ನೂ ವೈದ್ಯರು ಹೇಳುವವರೆಗೆ ಬಿಡಲಿಲ್ಲ. ಈಗ ನಿಮ್ಮ ಮುಂದೆ ನಿಂತಿದ್ದೇನೆ.

ಒಮ್ಮೆ ಅವರನ್ನು ಕೇಳಿದೆ, ಸಾರ್, ನಿಮಗೆ ಇದನ್ನು ಯಾರು ಕಲಿಸಿದರು ಎಂದು. ಅವರು ಹೇಳಿದರು: ‘ರಾತ್ರಿ ಶಾಲೆಯಲ್ಲಿ ಪುಸ್ತಕ ಎಲ್ಲರಿಗೂ ಒಂದೇ. ಹಗಲೆಲ್ಲ ಕಪ್ಪು ಬಸಿ ತೊಳೆದ ಹುಡುಗ ಪುಸ್ತಕ ಇದೆ ಅಂತ ಬರೋದಿಲ್ಲ. ನಿನ್ನೆ ಯಾಕೆ ಬರಲಿಲ್ಲ ಅಂತ ಕೇಳೋನು ಒಬ್ಬ ಇದ್ದಾನೆ ಅಂತ ಬರ್ತಾನೆ.’ ಈ ಸಭೆಯಲ್ಲಿ ಆ ಬೆಂಚುಗಳಿಂದ ಎದ್ದು ಬಂದವರು ಎಷ್ಟು ಮಂದಿ ಇದ್ದೀರಿ ಎಂದು ನಾನು ಎಣಿಸಬೇಕಿಲ್ಲ.

ಯಂತ್ರವನ್ನು ನಾನು ಹೀಗಳೆಯುತ್ತಿಲ್ಲ. ಅಭ್ಯಾಸ ಬದಲಿಸುವ ವಿಷಯದಲ್ಲಿ ಬರೀ ಮೆಸೇಜು ಕೂಡ ಕೆಲಸ ಮಾಡಿದ್ದಿದೆ. ಚೆನ್ನೈನ ಮಧುಮೇಹ ತಜ್ಞ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 537 ಗಂಡಸರಿಗೆ ಊಟ, ವ್ಯಾಯಾಮದ ಸಲಹೆ ಕೊಟ್ಟರು. ಅವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಎರಡು ವರ್ಷ ಮೊಬೈಲಿಗೆ ನೆನಪಿನ ಮೆಸೇಜು ಕಳಿಸಿದರು. ಮೆಸೇಜು ಇಲ್ಲದವರಲ್ಲಿ 100ಕ್ಕೆ 27 ಮಂದಿಗೆ ಕಾಯಿಲೆ ಬಂತು, ಮೆಸೇಜು ಹೋದವರಲ್ಲಿ 18 ಮಂದಿಗೆ. 2013ರಲ್ಲಿ ಇದು ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಲು ಬಯಸಿದ 5,800 ಜನರ ಮೇಲೆ ಇಂಥದೇ ಪ್ರಯೋಗ ನಡೆದಾಗ, ಆರು ತಿಂಗಳ ನಂತರ ಪರೀಕ್ಷೆ ಮಾಡಿ ನೋಡಿದರೆ ಮೆಸೇಜು ಪಡೆದವರಲ್ಲಿ ಬಿಟ್ಟವರು ಎರಡು ಪಟ್ಟು. ನಮ್ಮ ಸಕ್ಕರೆ ತಪಾಸಣಾ ಶಿಬಿರದ ಕೆಲಸ ಸಂಜೆಗೇ ಮುಗಿಯುತ್ತದೆ. ಆಮೇಲೆ ಅವರಿಗೆ ನೆನಪು ಮಾಡುವವರಿಲ್ಲ. ಇದನ್ನೂ ಯೋಚಿಸಬೇಕು.

ಆದರೆ ಕುಸಿದ ಮನಸ್ಸಿಗೆ ಯಂತ್ರವೊಂದೇ ಸಾಕು ಎಂದು ಹೇಳುವವರಿದ್ದರೆ ಎಚ್ಚರವಿರಲಿ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ ‘ಎಲೈಜಾ’ ಎಂಬ ಪ್ರೋಗ್ರಾಮ್ ಪ್ರಕಟಿಸಿದರು. ನಾವು ಬರೆದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅದು ಯಂತ್ರ ಎಂದು ಚೆನ್ನಾಗಿ ಗೊತ್ತಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ನಾಲ್ಕು ಮಾತು ಬರೆದು, ದಯವಿಟ್ಟು ನೀವು ಹೊರಗೆ ಹೋಗಿ ಎಂದರಂತೆ. ಮನುಷ್ಯನಿಗೆ ಹೇಳಿಕೊಳ್ಳುವ ಹಸಿವು ಅಷ್ಟಿದೆ. ಹಾಗಾದರೆ ಯಂತ್ರವೇ ವೈದ್ಯನಾಗಲಿ ಎಂದು ಕೆಲವರು ಹೊರಟಾಗ ಮೊದಲು ಅಡ್ಡ ನಿಂತವರೂ ವೈಜೆನ್‌ಬಾಮ್ ಅವರೇ. ಈಗಿನ ಮಾತಾಡುವ ಆ್ಯಪುಗಳು ಎಲೈಜಾಗಿಂತ ಎಷ್ಟೋ ಜಾಣ. ಆದರೂ ಬದುಕೇ ಬೇಡ ಎಂಬ ಯೋಚನೆ ಬಂದವರು ಆ್ಯಪಿನ ಮುಂದೆ ಕೂರಬಾರದು. ವೈದ್ಯರ ಬಳಿ ಹೋಗಬೇಕು, ಅಥವಾ 14416ಕ್ಕೆ ಫೋನ್ ಮಾಡಬೇಕು. ಇದು ಕೇಂದ್ರ ಸರಕಾರದ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆಯ್ದುಕೊಳ್ಳಬಹುದು. ಆ ಐದು ಅಂಕಿಗಳನ್ನು ಈಗಲೇ ನಿಮ್ಮ ಫೋನಿನಲ್ಲಿ ಹಾಕಿಕೊಳ್ಳಿ.

ನಿಮ್ಹಾನ್ಸ್‌ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ 100 ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಆಗ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಅಂಥ 100 ಜನರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಸಭಾಂಗಣದ ಕುರ್ಚಿಗಳನ್ನೊಮ್ಮೆ ಎಣಿಸಿ ನೋಡಿ.

ಈಗ ನಮ್ಮ ಯೋಜನೆ. ನಮೂನೆ ಬದಲಾಗಿದೆ, ಮನಸ್ಸಿನ ಕಾಯಿಲೆಗೂ ಕಲಮು ಬಂದಿದೆ, ಬಿಲ್ಲಿಲ್ಲ ಎಂದು ಅರ್ಜಿ ವಾಪಸು ಹೋಗುವುದಿಲ್ಲ. ಅರ್ಜಿ ಬಂದವರನ್ನು ಮೊದಲು ವೈದ್ಯರು ನೋಡುತ್ತಾರೆ. ವೈದ್ಯರು ಹೇಳಿದರೆ ಫೋನಿನಲ್ಲಿ ಪಾಠ, ಅದರ ಜೊತೆ ವಾರಕ್ಕೊಮ್ಮೆ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ವಿಚಾರಿಸುವ ಒಬ್ಬ ಗೆಳೆಯ. ಈ ಗೆಳೆಯರು ವೈದ್ಯರಲ್ಲ. ತರಬೇತಿ ಇರುತ್ತದೆ. ಔಷಧಿಯ ಬಗ್ಗೆ ಮಾತಾಡುವಂತಿಲ್ಲ, ಉಪದೇಶ ಮಾಡುವಂತಿಲ್ಲ. ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ. ಅಪಾಯದ ಮಾತು ಕಿವಿಗೆ ಬಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ವೈದ್ಯರ ಶುಲ್ಕ, ಔಷಧಿ, ಫೋನಿಲ್ಲದವರಿಗೆ ಫೋನು ಮತ್ತು ರೀಚಾರ್ಜ್ ಸೇರಿ ಒಬ್ಬರಿಗೆ ಮೂರು ತಿಂಗಳಿಗೆ 6,000 ರೂಪಾಯಿ ಎಂದು ಸಮಿತಿ ಅಂದಾಜು ಮಾಡಿದೆ. ಮೊದಲ ವರ್ಷ 40 ಜನರಿಗೆ 2,40,000 ರೂಪಾಯಿ ಬೇಕು. ಡಯಾಲಿಸಿಸ್ ನಿಧಿಯಿಂದ ಒಂದು ಪೈಸೆಯನ್ನೂ ಇದಕ್ಕೆ ತೆಗೆಯುವುದಿಲ್ಲ. ಅದಕ್ಕಾಗಿಯೇ ನಿಮ್ಮ ಮುಂದೆ ಬೇರೆಯಾಗಿ ಕೈ ಚಾಚುತ್ತಿದ್ದೇನೆ.

ದಾನಿಗಳಲ್ಲಿ ಒಂದು ವಿನಂತಿ. ನಮ್ಮ ವಾರ್ತಾಪತ್ರದಲ್ಲಿ ಚೆಕ್ ಹಸ್ತಾಂತರಿಸುವ ಫೋಟೋ ಹಾಕುವುದು ವಾಡಿಕೆ. ಈ ನಿಧಿಗೆ ಫೋಟೋ ಇರುವುದಿಲ್ಲ, ಪಡೆದವರ ಹೆಸರೂ ಇರುವುದಿಲ್ಲ. ನೀವು ಯಾರಿಗೆ ಕೊಟ್ಟಿರಿ ಎಂದು ನಿಮಗೆ ಎಂದೂ ಗೊತ್ತಾಗುವುದಿಲ್ಲ. ರಸೀದಿ ಮತ್ತು ಲೆಕ್ಕ ಮಾತ್ರ ಸಿಗುತ್ತದೆ. ದುಡ್ಡು ಕೊಡಲಾಗದವರು ವಾರಕ್ಕೆ ಒಂದು ಸಂಜೆ ಕೊಡಿ. ನಿವೃತ್ತ ಶಿಕ್ಷಕರು, ದಾದಿಯರು, ಬ್ಯಾಂಕಿನವರು, ಮನೆಯಲ್ಲಿರುವ ತಾಯಂದಿರು, ನಿಮ್ಮ ಹದಿನೈದು ನಿಮಿಷ ಬೇಕು. ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಪುಸ್ತಕಗಳಿವೆ, ಒಂದು ಹಣಕ್ಕೆ, ಇನ್ನೊಂದು ಹೆಸರಿಗೆ.

ಕುಂದಾಪುರದ ಆ ಹುಡುಗನ ಮಾವನ ವಿಳಾಸವನ್ನು ಹಳೆಯ ಫೈಲಿನಿಂದ ಹುಡುಕಿ ತೆಗೆದಿದ್ದೇನೆ. ಕಾಗದ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಮತ್ತೆ ಬರೆಯುತ್ತೇನೆ. ಅವನಿಗೆ ಆಗ ಹೇಳಬೇಕಿದ್ದ ಮಾತನ್ನು ಇನ್ನು ಮುಂದೆ ಬರುವವರಿಗಾದರೂ ನಾವು ಹೇಳೋಣ.