ಸಾಫ್ಟ್‌ವೇರ್ ತಯಾರಿಯ ಮೆಟ್ಟಿಲುಗಳು: ಜಲಪಾತ ಮಾದರಿಯ ಪರಿಚಯ



ಸಾಫ್ಟ್‌ವೇರ್ ಎಂದೊಡನೆ ಕಂಪ್ಯೂಟರ್ ಮುಂದೆ ಕುಳಿತು ಪ್ರೋಗ್ರಾಂ ಬರೆಯುವುದು ಎಂದು ನಿಮ್ಮಲ್ಲಿ ಅನೇಕರು ಭಾವಿಸಿರುತ್ತೀರಿ. ಬರೆಯುವುದು ನಡುವಿನ ಒಂದು ಹಂತ ಮಾತ್ರ. ಅದಕ್ಕೆ ಮೊದಲೂ ಕೆಲಸವಿದೆ, ನಂತರವೂ ಇದೆ. ಈ ಹಂತಗಳನ್ನು ಒಂದಾದ ಮೇಲೊಂದರಂತೆ ಮುಗಿಸುವ ಕ್ರಮಕ್ಕೆ ಜಲಪಾತ ಮಾದರಿ ಎಂದು ಹೆಸರು. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಕೆಲಸವೂ ಇಳಿಯುತ್ತದೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೀವು ಬಲ್ಲಿರಿ. ರೈತರು ಗೂಡು ತರುತ್ತಾರೆ, ರೀಲರುಗಳು ಹರಾಜಿನಲ್ಲಿ ಕೊಳ್ಳುತ್ತಾರೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಇ-ಹರಾಜಾಗಿದೆ. ಇಂಥದೊಂದು ಹರಾಜಿಗೆ ನೀವೇ ಸಾಫ್ಟ್‌ವೇರ್ ಮಾಡಬೇಕೆಂದು ಇಟ್ಟುಕೊಳ್ಳಿ.

ಮೊದಲ ಹಂತ ಅಗತ್ಯಗಳನ್ನು ತಿಳಿಯುವುದು. ರೈತ, ರೀಲರ್, ಮಾರುಕಟ್ಟೆ ಸಿಬ್ಬಂದಿ ಮೂವರನ್ನೂ ಕೇಳಿ ಬರೆದುಕೊಳ್ಳಬೇಕು. ಎರಡನೆಯದು ವಿನ್ಯಾಸ: ಯಾವ ಮಾಹಿತಿ ಎಲ್ಲಿರಬೇಕು, ಪರದೆಯ ಮೇಲೆ ಏನು ಕಾಣಬೇಕು ಎಂಬ ನಕ್ಷೆ. ಮೂರನೆಯದು ಪ್ರೋಗ್ರಾಂ ಬರೆಯುವುದು. ನಾಲ್ಕನೆಯದು ಪರೀಕ್ಷೆ. ಐದನೆಯದು ಬಳಕೆಗೆ ಕೊಡುವುದು, ಆಮೇಲೆ ನಿರ್ವಹಣೆ. ಪ್ರತಿ ಹಂತದ ಕೊನೆಗೆ ಲಿಖಿತ ದಾಖಲೆ ಇರಬೇಕು. ಅದಕ್ಕೆ ಒಪ್ಪಿಗೆ ದೊರೆತ ಮೇಲೆಯೇ ಮುಂದಿನ ಹೆಜ್ಜೆ. ಇದರಿಂದ ಯಾರ ಕೆಲಸ ಯಾವುದು, ಎಲ್ಲಿಗೆ ಬಂದಿದೆ ಎಂಬುದು ಸ್ಪಷ್ಟವಾಗುತ್ತದೆ.

ಆದರೆ ಒಂದು ಪ್ರಶ್ನೆ. ಹರಾಜಿನಲ್ಲಿ ಬಂದ ಬೆಲೆ ರೈತನಿಗೆ ಒಪ್ಪಿಗೆಯಾಗದಿದ್ದರೆ? ಇದನ್ನು ಮೊದಲ ಹಂತದಲ್ಲೇ ಕೇಳಿದ್ದರೆ ಒಂದು ಸಾಲು ಬರೆದರೆ ಸಾಕಿತ್ತು. ಕೇಳದೆ ಹೋದರೆ, ಹೆಚ್ಚು ಬೆಲೆ ಕೂಗಿದವನಿಗೆ ಕಂಪ್ಯೂಟರ್ ತಾನಾಗಿಯೇ ಗೂಡು ಕೊಟ್ಟುಬಿಡುತ್ತದೆ. ತಪ್ಪು ತಿಳಿಯುವುದು ಹರಾಜಿನ ದಿನ. ಆಗ ವಿನ್ಯಾಸ, ಪ್ರೋಗ್ರಾಂ, ಪರೀಕ್ಷೆ ಮೂರನ್ನೂ ತಿದ್ದಬೇಕು. ಬೇಯಿಸಿದ ಗೂಡು ಮತ್ತೆ ಹಸಿಗೂಡಾಗದು. ಸಾಫ್ಟ್‌ವೇರನ್ನು ತಿದ್ದಬಹುದು ನಿಜ, ಆದರೆ ತಡವಾದಷ್ಟೂ ಖರ್ಚು ಹೆಚ್ಚು.

ಈ ಕ್ರಮದ ಪ್ರಸಿದ್ಧ ಚಿತ್ರವನ್ನು 1970ರಲ್ಲಿ ತಮ್ಮ ಪ್ರಬಂಧವೊಂದರಲ್ಲಿ ಬರೆದವರು ಅಮೆರಿಕದ ವಿನ್‌ಸ್ಟನ್ ರಾಯ್ಸ್. ಜಲಪಾತ ಎಂಬ ಪದವನ್ನು ಅವರು ಬಳಸಿರಲಿಲ್ಲ. ಪರೀಕ್ಷೆಯನ್ನು ಕೊನೆಗೆ ಬಿಡುವುದು ಅಪಾಯವೆಂದು ಅದೇ ಪ್ರಬಂಧದಲ್ಲಿ ಎಚ್ಚರಿಸಿ, ಹಿಂದಿನ ಹಂತಕ್ಕೆ ಮರಳಿ ತಿದ್ದಿಕೊಳ್ಳುವ ದಾರಿಗಳನ್ನೂ ಸೂಚಿಸಿದರು. 2001ರಲ್ಲಿ ಪ್ರಕಟವಾದ ಅಜೈಲ್ ಘೋಷಣೆಯ ನಂತರ, ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿ, ಆಗಾಗ ಬಳಕೆದಾರರಿಗೆ ತೋರಿಸುವ ವಿಧಾನ ವ್ಯಾಪಕವಾಯಿತು. ಅಲ್ಲಿಯೂ ಕೇಳಿ ತಿಳಿಯುವ ಕೆಲಸ ತಪ್ಪಿದ್ದಲ್ಲ. ಅದು ಮತ್ತೆ ಮತ್ತೆ ಬರುತ್ತದೆ.

ವಿದ್ಯಾರ್ಥಿಗಳೇ, ಆ ಕೆಲಸಕ್ಕೆ ಬೇಕಾದ ಬಂಡವಾಳ ನಿಮ್ಮಲ್ಲಿದೆ. ರೀಲರ್ ಜೊತೆ ಉರ್ದುವಿನಲ್ಲಿ, ರೈತನ ಜೊತೆ ಕನ್ನಡದಲ್ಲೋ ತೆಲುಗಿನಲ್ಲೋ ಮಾತನಾಡಿ, ಕೇಳಿದ್ದನ್ನು ಸ್ಪಷ್ಟವಾಗಿ ಬರೆಯಬಲ್ಲವರು ನೀವು. ಇಂಗ್ಲಿಷ್ ಕಲಿಯಿರಿ, ಪ್ರೋಗ್ರಾಂ ಭಾಷೆ ಕಲಿಯಿರಿ. ಮನೆಯ ಮತ್ತು ಊರಿನ ಭಾಷೆಯನ್ನು ಮಾತ್ರ ಕೈಬಿಡಬೇಡಿ. ಮೊದಲ ಮೆಟ್ಟಿಲು ಅಲ್ಲಿಯೇ ಇದೆ.